ಕಾಕಾನ ಇಂಜಿನಿಯರಿಂಗ್ ಸಂಸಾರ

ನಮ್ಮ ಕಾಕಾನಿಗೆ ಮದುವೆಯಾಗಿಲ್ಲ. ಆದರೂ ಒಂದು ಕಾಲಕ್ಕೆ ಅವನಿಗೆ ಸಿವಿಲ್‌ನಲ್ಲಿ ಇಬ್ಬರು ಗಂಡುಮಕ್ಕಳು, ಎಲೆಕ್ಟ್ರಿಕಲ್‌ನಲ್ಲಿ ಒಬ್ಬ, ಮೆಕ್ಯಾನಿಕಲ್‌ನಲ್ಲಿ ಒಬ್ಬಳು ಮಗಳು ಇದ್ದರು! ಹುಬ್ಬೇರಿಸಬೇಡಿ. ನಮ್ಮದು ಮರ್ಯಾದಸ್ಥರ ಮನೆತನ. ಕಾಕಾ ಔರಾದ–ಬೀದರ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಹೆಣ್ಣುಮಕ್ಕಳು ಎದುರಿಗೆ ಬಂದರೆ ಟಿಕೆಟ್ ಹರಿದು ಕೊಡುವುದೊಂದು ಬಿಟ್ಟು ಬೇರೇನೂ ತೋಚದ ಮನುಷ್ಯ. ನಿವೃತ್ತನಾದ ಮೇಲೆ ಭಾಲ್ಕಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಬೀದಿಯಲ್ಲಿ ಹೋಗಿಬರುವವರನ್ನು ಎಣಿಸುತ್ತಿದ್ದ.

ಆ ವರ್ಷಗಳಲ್ಲಿ ಮಳೆ ನಮ್ಮ ಜಿಲ್ಲೆಯ ದಾರಿಯನ್ನೇ ಮರೆತಿತ್ತು. ಔರಾದ ಕಡೆಯ ಊರುಗಳು ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟುಹೋಗಿದ್ದವು. ಓದುವ ಮಕ್ಕಳು ಮಾತ್ರ ಬೀದರಿನ ಹೊರಗಿದ್ದ ನಮ್ಮ ಖಾಸಗಿ ತಾಂತ್ರಿಕ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಉಳಿದಿದ್ದರು. ನಮ್ಮದು ಎಂದೆನಲ್ಲ, ನಾನು ಅಲ್ಲಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ, ಅಷ್ಟೇ. ಅಲ್ಲೊಂದು ನಿಯಮವಿತ್ತು. ಹಾಜರಿ ಕಡಿಮೆಯಾದವರ ತಂದೆಯೋ ತಾಯಿಯೋ ಖುದ್ದಾಗಿ ಬಂದು ವಿಭಾಗದ ಮುಖ್ಯಸ್ಥರ ಮುಂದೆ ಕೂರಬೇಕು. ಫೋನು ನಡೆಯದು, ಅಣ್ಣ ಅತ್ತಿಗೆ ನಡೆಯರು. ಬಾರದಿದ್ದರೆ ಹಾಲ್ ಟಿಕೆಟ್ ಇಲ್ಲ, ವರ್ಷ ಮಣ್ಣುಪಾಲು.

ಒಂದು ಭಾನುವಾರ ಮೆಕ್ಯಾನಿಕಲ್ ಮೂರನೇ ವರ್ಷದ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದು ನನ್ನ ಮುಂದೆ ಅಳತೊಡಗಿದಳು. ಔರಾದ ಹತ್ತಿರದ ಹಳ್ಳಿಯವಳು, ಚಿಕ್ಕಂದಿನಿಂದ ಕಾಕಾನ ಬಸ್ಸಿನಲ್ಲೇ ಶಾಲೆಗೆ ಹೋದವಳು. ಹೈದರಾಬಾದಿನಲ್ಲಿ ತಾಯಿ ಜ್ವರದಿಂದ ಮಲಗಿದಾಗ ಹೋಗಿ ಅಡುಗೆ ಮಾಡಿಕೊಂಡು ಇದ್ದುಬಿಟ್ಟಿದ್ದಳು. ಹಾಜರಿ ಹೋಯಿತು. ಅಪ್ಪನಿಗೆ ಕೆಲಸ ಬಿಟ್ಟು ಬರುವಂತಿರಲಿಲ್ಲ. ಈಗ ವರ್ಷವೂ ಹೋದರೆ, ಓದು ಸಾಕು ಬಾ ಎಂದು ಅವಳನ್ನೂ ಕಟ್ಟಡದ ಕೆಲಸಕ್ಕೆ ಕರೆದುಕೊಳ್ಳುವವರಿದ್ದರು. ಕಟ್ಟೆಯ ಮೇಲಿಂದ ಕಾಕಾ ಕೂಗಿದ:

“ಅದಕ್ಯಾಕ ಅಳ್ತಿ ಅವ್ವಾ? ಅಪ್ಪ ಬೇಕು, ಅಷ್ಟೇ ಹೌದಲ್ಲೊ? ನಾ ಬರ್ತೇನಿ!”

“ಕಾಕಾ, ನೀವು ನಮ್ಮಪ್ಪ ಅಲ್ರಲ್ಲ!”

“ಡ್ರೈವರ್ ರಜಾ ಹಾಕಿದ್ರ ಬಸ್ಸು ನಿಂದರ್ತದೇನು? ಬದಲಿ ಡ್ರೈವರ್ ಬರ್ತಾನ!”

ಅವಳ ಅಪ್ಪನಿಗೆ ಫೋನು ಹಚ್ಚಿ ಕೇಳಿಯೂ ಬಿಟ್ಟ. ಆ ಪುಣ್ಯಾತ್ಮ, “ನಿಮ್ಮ ಮಗಳೇ ಅಂತ ತಿಳೀರಿ ಅಣ್ಣಾ” ಎಂದನಂತೆ. ಹಾಗೆ ಹೇಳಬಾರದಿತ್ತು. ಕಾಕಾ ನಿಜಕ್ಕೂ ಹಾಗೇ ತಿಳಿದುಬಿಟ್ಟ!

ಮರುದಿನ ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿಕೊಂಡು ಕಾಲೇಜಿಗೆ ಬಂದ. ನನ್ನ ಎದುರೇ ನಿಂತು, “ಮೇಡಂ, ಮೆಕ್ಯಾನಿಕಲ್ ಯಾವ ಕಡಿ ಅದರಿ?” ಎಂದು ಕೇಳಿದ. ಮುಂಜಾನೆ ನಾನೇ ಹಾಕಿಕೊಟ್ಟ ಚಹಾ ಕುಡಿದು ಬಂದವನು! ಮುಖ್ಯಸ್ಥರ ಬಾಗಿಲಲ್ಲಿ ಪಾಲಕರು ಒತ್ತೊತ್ತಾಗಿ ನಿಂತಿದ್ದರು. ಕಾಕಾನ ಹಳೆಯ ಚಾಳಿ ಎದ್ದಿತು. “ಒಳಗ ಸರೀರಿ, ಒಳಗ ಸರೀರಿ, ಜಾಗಾ ಖಾಲಿ ಅದ!” ಎಂದು ಗರ್ಜಿಸಿದ. ಇಡೀ ಸಾಲು ಒಮ್ಮೆಗೇ ಮುಖ್ಯಸ್ಥರ ಕೋಣೆಯೊಳಗೆ ನುಗ್ಗಿತು.

ಮುಖ್ಯಸ್ಥರು ಮೈಸೂರು ಕಡೆಯವರು, ಮೆಲುಮಾತಿನವರು. “ನಿಮ್ಮ ಮಗಳು ತರಗತಿಗೇ ಬರುತ್ತಿಲ್ಲವಲ್ಲ ಯಜಮಾನರೇ” ಎಂದರು. ನಾನು ಯಾರಿಗೂ ಬೇಡದ ಪುಸ್ತಕವೊಂದನ್ನು ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಕಾಕಾ ಹುಡುಗಿಯ ಕಡೆ ತಿರುಗಿದ.

“ನಾಚಿಕಿ ಬರಂಗಿಲ್ಲೇನು? ಅಲ್ಲಿ ನಿಮ್ಮಪ್ಪ ಬಿಸಲಾಗ ಇಟ್ಟಂಗಿ ಹೊರ್ತಾನ…” ಎಂದವನು ತಟ್ಟನೆ ನೆನಪಾಗಿ, “ಅಂದ್ರ ನಾನೇ ಹೊರ್ತೇನಿ!” ಎಂದು ಸೇರಿಸಿದ. ಆಮೇಲೆ ಬೈಗುಳ ನಿಲ್ಲಲೇ ಇಲ್ಲ. ಕೊನೆಗೆ ಮುಖ್ಯಸ್ಥರೇ ಎದ್ದು ಹುಡುಗಿಗೆ ನೀರು ಕೊಟ್ಟು, “ಪಾಪ, ಎಷ್ಟು ಬೈತೀರಿ! ಪರೀಕ್ಷೆಗೆ ಕೂರಿಸೋಣ, ಸಾಕು ಬಿಡಿ” ಎಂದು ಕೈಮುಗಿದರು.

ಸುದ್ದಿ ಹಾಸ್ಟೆಲಿಗೆ ಮುಟ್ಟಿತು. ಅಪ್ಪ ಇಲ್ಲದ ಊರುಗಳಲ್ಲಿ ಬಾಡಿಗೆಯಿಲ್ಲದ ಅಪ್ಪ ಸಿಕ್ಕರೆ ಯಾರು ಬಿಡುತ್ತಾರೆ? ಕಮಠಾಣದ ಹುಡುಗ ಬಂದ, ಬಗದಲ್‌ನ ಇಬ್ಬರು ಹುಡುಗರು ಬಂದರು. ಸಿವಿಲ್‌ಗೆ ಪಟಕಾ, ಎಲೆಕ್ಟ್ರಿಕಲ್‌ಗೆ ಟೋಪಿ! ಬರೀ ಕೂತು ಬಂದರೆ ಸಾಕಿತ್ತು. ಕಾಕಾನಿಗೆ ಅಷ್ಟಕ್ಕೆ ತೃಪ್ತಿಯಿಲ್ಲ. ಮಕ್ಕಳು ಏನು ತಿನ್ನುತ್ತಾರೆಂದು ಹಾಸ್ಟೆಲಿನ ಅಡುಗೆಮನೆಗೂ ಹೊಕ್ಕ. ಸಾರಿನ ಪಾತ್ರೆಯಲ್ಲಿ ಸೌಟು ಆಡಿಸಿ ನೋಡಿ, “ಏನ್ರಿ, ಬ್ಯಾಳಿನೂ ಗುಳೆ ಹೋಗ್ಯಾದೇನ್ರಿ?” ಎಂದ. ಮರುದಿನದಿಂದ ಸಾರು ಗಟ್ಟಿಯಾಯಿತು ಎಂದು ಹುಡುಗರು ಇಂದಿಗೂ ಹೇಳುತ್ತಾರೆ.

ಇಂಥ ಸಂಸಾರ ಎಷ್ಟು ದಿನ ನಡೆದೀತು? ಒಮ್ಮೆ ಸಿವಿಲ್ ಮುಖ್ಯಸ್ಥರು ರಜೆಯಲ್ಲಿದ್ದರು. ಅವರ ಕುರ್ಚಿಯಲ್ಲಿ ಮೆಕ್ಯಾನಿಕಲ್‌ನವರು ಕೂತಿದ್ದರು. ಕಾಕಾ ಕಮಠಾಣದ ಹುಡುಗನ ಕೈಹಿಡಿದು ಒಳಗೆ ಹೋದ.

“ನೀವು ನಮ್ಮ ಔರಾದದ ಹುಡುಗಿಯ ತಂದೆಯಲ್ಲವೇ?”

“ಅವ ನಮ್ಮ ಅಣ್ಣ ರಿ. ನೋಡ್ಲಿಕ್ಕ ಇಬ್ಬರೂ ಒಂದೇ ಥರ ಅದೀವಿ.”

“ಅವರು ಔರಾದ, ನೀವು ಕಮಠಾಣ?”

“ಪಾಲಾಗೀವ್ರಿ!”

ಹುಡುಗನಿಗೇ ನಗು ತಡೆಯಲಾಗಲಿಲ್ಲ. ಗುಟ್ಟು ಅಲ್ಲೇ ಒಡೆಯಿತು. ನಾನು ಈ ಮಹಾನುಭಾವನ ಅಣ್ಣನ ಮಗಳೆಂಬುದೂ ಹೊರಬಿತ್ತು. ಹುಡುಗರ ತಾಯಂದಿರು ಹೇಗೋ ಬಂದು ಕೂತು ಹೋದರು. ಹುಡುಗಿಯದೇ ಕಷ್ಟವಾಯಿತು. ಶನಿವಾರದೊಳಗೆ ನಿಜವಾದ ತಂದೆ ಬಾರದಿದ್ದರೆ ಪರೀಕ್ಷೆಯಿಲ್ಲ ಎಂದು ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿದರು.

ಅವಳ ಅಪ್ಪ ಫೋನಿನಲ್ಲಿ ಅತ್ತೇಬಿಟ್ಟ. ಅವನ ಆಳುಗಳ ಮೇಸ್ತ್ರಿ ಮುಕಾದಮನದೂ ಒಂದು ನಿಯಮವಂತೆ. ಕೆಲಸ ಬಿಟ್ಟು ಹೋಗುವವನು ತನ್ನ ಜಾಗದಲ್ಲಿ ಬದಲಿ ಆಳು ನಿಲ್ಲಿಸಿಯೇ ಹೋಗಬೇಕು. ಇಲ್ಲದಿದ್ದರೆ ಕೆಲಸವೂ ಹೋಗುತ್ತದೆ, ಇನ್ನೂ ಏಳಲಾಗದ ಹೆಂಡತಿ ಮಲಗಿದ್ದ ತಗಡಿನ ಗುಡಿಸಲೂ ಹೋಗುತ್ತದೆ. ಕಾಕಾ ಎಲ್ಲವನ್ನೂ ಕೇಳಿಸಿಕೊಂಡ. ಮರುದಿನ ಬೆಳಗ್ಗೆ ಕಟ್ಟೆ ಖಾಲಿ. ಅವಮಾನವಾಗಿ ಎಲ್ಲೋ ನೆಂಟರ ಮನೆಗೆ ಹೋಗಿರಬೇಕು ಎಂದುಕೊಂಡೆವು.

ಶನಿವಾರ ಹುಡುಗಿಯ ಅಪ್ಪ ಬಂದ. ಉಗುರುಗಳಲ್ಲಿ ಸಿಮೆಂಟು. ನಾನೇ ಅಪ್ಪ ಮಗಳಿಬ್ಬರನ್ನೂ ಮುಖ್ಯಸ್ಥರ ಕೋಣೆಗೆ ಕರೆದುಕೊಂಡು ಹೋದೆ.

“ನೀವಾದರೂ ನಿಜವಾದ ತಂದೆಯೋ?”

“ಹೌದ್ರಿ ಸಾಹೇಬ್ರ.”

“ಹಾಗಾದರೆ ಮೊದಲು ಬಂದಿದ್ದವರು ಯಾರು?”

ಆತ ಮಗಳ ಮುಖ ನೋಡಿದ. “ಅವರೂ ಅಪ್ಪನೇ ರಿ. ಈಗ ನನ್ನ ಜಾಗಾದಾಗ ನಿಂತು ಉಸುಕು ಹೊರಲತ್ಯಾರ್ರಿ.”

ಮುಖ್ಯಸ್ಥರು ಗುಮಾಸ್ತನನ್ನು ಕರೆದು, ಹುಡುಗಿಯ ಹಾಲ್ ಟಿಕೆಟ್ ಕೊಡಿ ಎಂದರು.

ಕಾಕಾ ಸೋಮವಾರ ಮಧ್ಯಾಹ್ನ ಬಂದ. ಹೈದರಾಬಾದ್ ಭಾರೀ ಮಜಾ, ನಾಲ್ಕನೇ ಅಂತಸ್ತಿನಿಂದ ಇಡೀ ಶಹರ ಕಾಣಸ್ತದ ಎಂದೆಲ್ಲ ಬಡಾಯಿ ಕೊಚ್ಚಿದ. ಊಟಕ್ಕೆ ಕೂತ. ರೊಟ್ಟಿ ಮುಟ್ಟಲಿಲ್ಲ, ಹಸಿವಿಲ್ಲವೆಂದ. ನಾನು ಕೈ ಹಿಡಿದು ತಿರುಗಿಸಿ ನೋಡಿದೆ. ಅಂಗೈ ತುಂಬ ಬೊಬ್ಬೆ, ಕೆಲವು ಒಡೆದು ಹಸಿಯಾಗಿದ್ದವು. ಬೆರಳು ಮಡಚಲು ಬರುತ್ತಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗೆ ಇಟ್ಟೆ. ಮದುವೆಯಿಲ್ಲದ, ಮಕ್ಕಳಿಲ್ಲದ ಕಾಕಾ ಸುಮ್ಮನೆ ಬಾಯಿ ತೆರೆದು ತಿಂದ. ಎರಡನೇ ತುತ್ತಿಗೆ ಮೆಲ್ಲಗೆ ಹೇಳಿದ:

“ಪೋರಿಗಿ ಹೇಳಬ್ಯಾಡ. ಅಕಿಗಿ ಪರೀಕ್ಷಾ ಅದ.”