ಹೆಂಡತಿಯ ಮಣಿಕಟ್ಟಿನ ಮೇಲೆ ನನ್ನ ಮುಖಾರವಿಂದ

ಹೆಂಗಸರಿಗೆ ಸವತಿ ಅಂತ ಒಂದು ಪದವಾದರೂ ಇದೆ. ಹೆಂಡತಿಯ ಮನಸ್ಸನ್ನು ಇನ್ನೊಬ್ಬ ಕಸಿದುಕೊಂಡರೆ ಗಂಡಸಾದವನು ಅವನನ್ನು ಏನೆಂದು ಕರೆದು ಅಳಬೇಕು? ನನ್ನ ಪ್ರತಿಸ್ಪರ್ಧಿ ಕಪ್ಪಗೆ, ಗುಂಡಗೆ, ಒಂದು ನಿಪ್ಪಟ್ಟಿನಷ್ಟಿದ್ದಾನೆ. ನನ್ನ ಹೆಂಡತಿ ಮುನಿಲಕ್ಷ್ಮಮ್ಮನ ಎಡಗೈ ಮಣಿಕಟ್ಟನ್ನು ಹಗಲೆಲ್ಲ ಅಪ್ಪಿಕೊಂಡಿರುತ್ತಾನೆ. ಹೆಸರು ಸ್ಮಾರ್ಟ್ ವಾಚು.

ತಂದುಕೊಟ್ಟವನು ನನ್ನ ಭಾವಮೈದ ವಸಂತ. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಅವನಿಗೆ ಕೆಲಸ (ಪೆಟ್ಟಿಗೆ ಎತ್ತಿಡುವ ಕಡೆ, ಮಾತು ಕೇಳಿದರೆ ಮಾತ್ರ ವಿಮಾನವನ್ನೇ ಇವನು ಎತ್ತಿ ಹಾರಿಸುತ್ತಾನೆ ಅನ್ನಬೇಕು). ಅಕ್ಕನಿಗೆ ಶುಗರ್ ಇದೆ, ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ವಾಚು ಹಿಡಿದುಕೊಂಡು ಓಡಿಬಂದ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಮಗ್ಗ. ಪವರ್‌ಲೂಮ್ ಸದ್ದಿನಲ್ಲಿ ಮನುಷ್ಯರ ಮಾತು ಕೇಳುವುದಿಲ್ಲ, ಎಲ್ಲ ವ್ಯವಹಾರವೂ ಕೈಸನ್ನೆಯಲ್ಲೇ. ಇಪ್ಪತ್ತೆಂಟು ವರ್ಷದಿಂದ ನಾನು ‘ಲೇ, ಕಾಫಿ’ ಎಂದು ಕೂಗುತ್ತಲೇ ಇದ್ದೇನೆ, ಅವಳಿಗೆ ಒಮ್ಮೆಯೂ ಕೇಳಿಸಿಲ್ಲ. (ಕರೆಂಟು ಹೋಗಿ ಮಗ್ಗ ನಿಂತಾಗಲೂ ಕೇಳಿಸುವುದಿಲ್ಲ, ಅದು ಬೇರೆ ವಿಚಾರ.) ಆದರೆ ಆ ವಾಚು ಒಂದು ಸಲ ಗುರ್ ಅಂದರೆ ಸಾಕು. ಏಳು ಅಂದರೆ ಏಳುತ್ತಾಳೆ. ನೀರು ಕುಡಿ ಅಂದರೆ ಕುಡಿಯುತ್ತಾಳೆ. ಉಸಿರು ಎಳೆದುಕೋ ಅಂದರೆ ಕಣ್ಣು ಮುಚ್ಚಿಕೊಂಡು ಎಳೆದುಕೊಳ್ಳುತ್ತಾಳೆ. ಇಂಥ ಪತಿವ್ರತೆಯನ್ನು ನಾನು ಪುರಾಣದಲ್ಲೂ ಕೇಳಿಲ್ಲ.

ಅದನ್ನೂ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಅದರ ಮುಖ. ಈ ವಾಚಿನ ಮುಖಕ್ಕೆ ನಮಗೆ ಬೇಕಾದ ಫೋಟೋ ಹಾಕಿಕೊಳ್ಳಬಹುದಂತೆ. ವಸಂತ ಹಾಕಿದ್ದು ತನ್ನದೇ ಫೋಟೋ. ಮಾಕಳಿದುರ್ಗದ ಬಂಡೆಯ ಮೇಲೆ ಕೂಲಿಂಗ್ ಗ್ಲಾಸು ಹಾಕಿಕೊಂಡು ಹಲ್ಲು ಕಿರಿಯುತ್ತಾ ನಿಂತಿದ್ದಾನೆ, ಟೈಮು ಅವನ ಎದೆಯ ಮೇಲೆ. ಇವಳು ಕೈ ಎತ್ತಿದಾಗಲೆಲ್ಲ ಅವನು ಬೆಳಗುತ್ತಾನೆ, ಇವಳು ಮುಗುಳ್ನಗುತ್ತಾಳೆ. ಒಂದು ದಿನ ಕೂತು ಎಣಿಸಿದೆ. ತಿಂಡಿಯಿಂದ ಊಟದ ಹೊತ್ತಿನೊಳಗೆ ನಲವತ್ತೊಂದು ಸಲ. ಅಷ್ಟರಲ್ಲಿ ನನ್ನ ಮುಖ ನೋಡಿದ್ದು ಒಂದೇ ಸಲ, ಅದೂ ಮೀಸೆಗೆ ಉಪ್ಪಿಟ್ಟು ಅಂಟಿದೆ ಎಂದು ಹೇಳುವುದಕ್ಕೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

“ಲೇ, ವಾಚಲ್ಲಿ ನಿನ್ ತಮ್ಮನ ಮುಖ ಯಾಕೆ?” ಎಂದು ಕೇಳಿಯೇಬಿಟ್ಟೆ.

“ಮತ್ತೆ ಯಾರ್ದಿರ್ಬೇಕಿತ್ತು? ತಂದ್ಕೊಟ್ಟವ್ನು ಅವ್ನಲ್ವಾ?”

“ತಾಳಿ ತಂದು ಕಟ್ಟಿದವ್ನು ನಾನು.”

“ತಾಳೀಲಿ ನಿಮ್ ಫೋಟೋ ಹಾಕ್ಸಿದ್ರಾ?” ಎಂದಳು.

ಅಂದೇ ತೀರ್ಮಾನಿಸಿದೆ. ಆ ಗುಂಡು ಮುಖದಲ್ಲಿ ವೆಂಕಟರಾಯಪ್ಪ ಎಂಬ ನಾನೇ ವಿರಾಜಮಾನನಾಗಬೇಕು, ದಿನಕ್ಕೆ ನೂರು ಸಲ ಅವಳು ನನ್ನನ್ನೇ ನೋಡಬೇಕು.

ಮಾರನೆಯ ಬೆಳಿಗ್ಗೆ ಅವಳು ವಾಕಿಂಗ್ ಮುಗಿಸಿ ಬಂದು ವಾಚನ್ನು ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋದಳು. ಫೋನು ಪಕ್ಕದಲ್ಲೇ ಇತ್ತು. ಮುಖಪರಿವರ್ತನಾ ಮಹಾಯಜ್ಞಕ್ಕೆ ಕೂತೆ. ಈಗಿನ ಬೋಳುತಲೆಯ ಫೋಟೋ ಬೇಡವೆನಿಸಿತು. ಮೋಪೆಡ್ ಲೈಸೆನ್ಸಿಗೆಂದು ಇಪ್ಪತ್ತಾರನೇ ವಯಸ್ಸಿನಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ್ದ ಕಪ್ಪು-ಬಿಳುಪು ಫೋಟೋ ಬೀರುವಿನಲ್ಲಿತ್ತು. ತಲೆ ತುಂಬ ಕೂದಲು, ಅಗಲವಾದ ಹಣೆ, ಎರವಲು ತಂದ ಕೋಟು. ಅದನ್ನೇ ಫೋನಿನಲ್ಲಿ ಹಿಡಿದು ವಾಚಿಗೆ ಏರಿಸಿದೆ. ಬರೀ ಫೋಟೋ ಆದರೆ ಭಾವಮೈದನಿಗೂ ನನಗೂ ಏನು ವ್ಯತ್ಯಾಸ? ನಡೆದ ಹೆಜ್ಜೆ ಹೆಚ್ಚಿದಂತೆಲ್ಲ ಸುತ್ತಲೂ ತುಂಬುವ ಒಂದು ಬಳೆ ಇಟ್ಟೆ, ಮಂಗಳಕರವಾಗಿರಲಿ ಎಂದು ಅದಕ್ಕೆ ಅರಿಶಿನ ಬಣ್ಣ ಕೊಟ್ಟೆ. ಮೆಸೇಜು ಬಂದರೆ ಮೇಲ್ಗಡೆ ಕೆಂಪು ಚುಕ್ಕೆ ಮೂಡುವ ಹಾಗೆ ಮಾಡಿದೆ. ಕೊನೆಗೆ ಗಲ್ಲದ ಕೆಳಗೆ ಎದೆಬಡಿತದ ಅಂಕಿ. ಅದರ ಹಿಂದೊಂದು ರಹಸ್ಯವಿತ್ತು. ತಮ್ಮನ ಮುಖ ನೋಡುವಾಗ ಅವಳ ಎದೆಬಡಿತ ಎಪ್ಪತ್ತೆರಡು ಎಂದು ಅವಳ ಫೋನಿನಲ್ಲಿ ಕದ್ದು ನೋಡಿಟ್ಟುಕೊಂಡಿದ್ದೆ. ನನ್ನನ್ನು ಕಂಡಾಗ ಎಷ್ಟಾಗುತ್ತದೆ ಎಂದು ಕಣ್ಣಾರೆ ನೋಡಬೇಕಿತ್ತು.

ಅವಳು ಅವಸರದಲ್ಲಿ ವಾಚು ಕಟ್ಟಿಕೊಂಡು ಮಗ್ಗದ ಮನೆಗೆ ಬಂದಳು. ನಾಲ್ಕೂ ಮಗ್ಗ ಹೊಡೆದುಕೊಳ್ಳುತ್ತಿದ್ದವು. ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದ್ದ ಮುತ್ತಮ್ಮ ಮೂಲೆಯಲ್ಲಿ ನೂಲು ಸುತ್ತುತ್ತಿದ್ದಳು. ವಾಚು ಗುರ್ ಅಂದಿತು. ಮುನಿಲಕ್ಷ್ಮಿ ಕೈ ಎತ್ತಿ ನೋಡಿದಳು. ಕಣ್ಣು ಅಗಲವಾಯಿತು. ಇನ್ನೊಂದು ಕೈ ಎದೆಯ ಮೇಲೆ ಹೋಯಿತು. ನಾನು ಪಕ್ಕದಿಂದ ಇಣುಕಿದೆ. ನೂರಾ ಹದಿನೆಂಟು. ಗೆದ್ದೆ ಅಂದುಕೊಂಡೆ.

ಏನಾಯಿತೆಂದು ಮುತ್ತಮ್ಮನೂ ಬಗ್ಗಿ ನೋಡಿದಳು. ನೋಡಿದವಳೇ ವಾಚಿಗೆ ಕೈಮುಗಿದು ಕಣ್ಣಿಗೊತ್ತಿಕೊಂಡಳು. ನನ್ನತ್ತ ತಿರುಗಿ ಅಂಗೈಯನ್ನು ಆಕಾಶಕ್ಕೆ ತೋರಿಸಿ ಏನೋ ಸನ್ನೆ ಮಾಡಿದಳು. ಇಷ್ಟು ಸುಂದರ ಪುರುಷ ದೇವಲೋಕದಿಂದ ಇಳಿದವನೇ ಎಂದು ಕೇಳುತ್ತಿದ್ದಾಳೆ ಅಂದುಕೊಂಡು ನಾನು ನಾಚಿಕೊಂಡು ತಲೆಯಾಡಿಸಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೋಗಿ ಒಂದೊಂದಾಗಿ ನಾಲ್ಕೂ ಮಗ್ಗ ನಿಲ್ಲಿಸಿಬಿಟ್ಟಳು. ಮನೆಯಲ್ಲಿ ಸಾವಾದರೆ ಮಗ್ಗ ನಿಲ್ಲಿಸುವುದು ನಮ್ಮ ಬೀದಿಯ ವಾಡಿಕೆ.

“ಯಾವಾಗಮ್ಮಾ ಹೋಗಿದ್ದು? ಪಾಪ, ಇನ್ನೂ ಚಿಕ್ಕ ವಯಸ್ಸು,” ಎಂದಳು ಮುತ್ತಮ್ಮ. “ಯಜಮಾನ್ರ ಅಣ್ಣಾವ್ರಾ? ಮೂಗೊಂದು ಹಂಗೇ ಐತೆ.”

“ಅಣ್ಣ ಅಲ್ಲ ಕಣಮ್ಮಾ, ಅದು ನಾನೇ,” ಎಂದೆ.

ಅವಳು ಫೋಟೋ ನೋಡಿದಳು, ನನ್ನ ತಲೆ ನೋಡಿದಳು. “ಸುಮ್ನಿರಿ ಯಜಮಾನ್ರೇ. ಸತ್ತೋರ ವಿಷ್ಯದಲ್ಲಿ ತಮಾಷೆ ಮಾಡ್ಬಾರ್ದು.”

ಆಗ ನಾನು ನನ್ನ ಕಲಾಕೃತಿಯನ್ನು ಸರಿಯಾಗಿ ನೋಡಿದೆ. ಬೆಳಗಿನ ವಾಕಿಂಗಿನ ಹೆಜ್ಜೆಗಳಿಂದ ಅರಿಶಿನದ ಬಳೆ ಪೂರ್ತಿ ತುಂಬಿ ಚೆಂಡುಹೂವಿನ ಹಾರವಾಗಿತ್ತು. ‘ಗುಡ್ ಮಾರ್ನಿಂಗ್ ಅಕ್ಕಾ’ ಎಂದು ವಸಂತ ಕಳಿಸಿದ ಮೆಸೇಜಿಗೆ ಮೂಡಿದ್ದ ಕೆಂಪು ಚುಕ್ಕೆ ನನ್ನ ಹಣೆಯ ನಟ್ಟನಡುವೆ ಕುಂಕುಮವಾಗಿತ್ತು. ನಡುಮನೆಯ ಗೋಡೆಯ ಮೇಲಿರುವ ನಮ್ಮಪ್ಪನ ಫೋಟೋಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮಗ್ಗ ನಿಂತದ್ದು ಯಾಕೆಂದು ಕೇಳಲು ಪಕ್ಕದ ಮನೆಯವರು ಬಾಗಿಲಿಗೆ ಬಂದಿದ್ದರು. ಅವರಿಗೆಲ್ಲ ನಾನು ಬದುಕಿದ್ದೇನೆಂದು ನಾನೇ ನಿಂತು ಸಮಜಾಯಿಷಿ ಕೊಡಬೇಕಾಯಿತು.

“ನನ್ ಎದೆ ಧಸಕ್ಕಂತು ರೀ,” ಎಂದಳು ಮುನಿಲಕ್ಷ್ಮಿ. ಅವಳ ಕಣ್ಣು ಒದ್ದೆಯಾಗಿತ್ತು. “ಇಂಥ ಆಟ ಆಡ್ತಾರಾ ಯಾರಾದ್ರೂ?”

ಮರ್ಯಾದೆ ಹೋದದ್ದು ನಿಜ. ಆದರೂ ಒಳಗೊಳಗೇ ನನಗೆ ಸಂತೋಷವಾಯಿತು. ನಾನಿಲ್ಲ ಅನ್ನಿಸಿದ ಒಂದು ಗಳಿಗೆಗೆ ಅವಳ ಎದೆ ನೂರಾ ಹದಿನೆಂಟು ಹೊಡೆಯಿತಲ್ಲ, ಇನ್ನು ಯಾವ ಭಾವಮೈದ ಎಷ್ಟು ಹಲ್ಲು ಕಿರಿದರೆ ನನಗೇನು?

ಸಂಜೆ ವಸಂತ ಬಂದು ತನ್ನ ಫೋಟೋವನ್ನೇ ವಾಪಸು ಹಾಕಿಕೊಟ್ಟು ಹೋದ. ನಾನು ಉದಾರ ಮನಸ್ಸಿನಿಂದ ಸುಮ್ಮನಿದ್ದೆ. ಕೇಳದೆಯೇ ಕಾಫಿ ಬಂತು.

“ಏನೇ ಹೇಳು, ನನ್ನ ಕಂಡ್ರೆ ನಿನಗೆ ಪ್ರಾಣ,” ಎಂದೆ.

“ಏನೋಪ್ಪ. ಆ ಫೋಟೋ ಮಾತ್ರ ಚೆನ್ನಾಗಿದೆ ಕಣ್ರೀ, ಈಗಿನ ಮುಖಕ್ಕಿಂತ ಎಷ್ಟೋ ವಾಸಿ. ದೊಡ್ಡದು ಮಾಡ್ಸಿ ಫ್ರೇಮ್ ಹಾಕ್ಸ್ಕೊಂಡ್ ಬಾ ಅಂತ ವಸಂತಂಗೆ ಕೊಟ್ಟೆ.”

“ಯಾತಕ್ಕೆ?”

“ಇವತ್ತಲ್ಲ ನಾಳೆ ಬೇಕಾಗುತ್ತಲ್ಲ. ಆ ಗಡಿಬಿಡೀಲಿ ಎಲ್ಲಿ ಹುಡುಕ್ತಾ ಕೂತ್ಕೊಳ್ಳೋದು? ಮಾವನೋರ ಪಕ್ಕದಲ್ಲಿ ಮೊಳೆ ಬೇರೆ ಖಾಲಿ ಇದೆ.”

ಅವಳ ಕೈ ಹಿಡಿದೆತ್ತಿ ವಾಚು ನೋಡಿದೆ. ವಸಂತ ಹಲ್ಲು ಕಿರಿಯುತ್ತಿದ್ದ. ನಾನು ಇಟ್ಟಿದ್ದ ಎದೆಬಡಿತದ ಅಂಕಿಯನ್ನು ಮಾತ್ರ ಅವನು ತೆಗೆದಿರಲಿಲ್ಲ. ಎಪ್ಪತ್ತೆರಡು.