ಸುಣ್ಣದ ಐದು ಕಲ್ಲು ಮತ್ತು ಹವಾಬಂಗಲೆಯ ಅಡ್ಡಬೊಂಬು

ಗುಡ್ಡದ ಕೆರೆಯ ಹವಾಬಂಗಲೆಯ ಮ್ಯಾನೇಜರ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಸೂರ್ಯನನ್ನು ಯಾವ ಕಲ್ಲಿನ ಮೇಲೆ ಕುಳಿತು ನೋಡಿದರೆ ಚಂದ ಹುಟ್ಟುತ್ತಾನೆ, ಯಾವ ಮರದ ಸಂದಿಯಿಂದ ನೋಡಿದರೆ ಚಂದ ಮುಳುಗುತ್ತಾನೆ ಎಂಬುದನ್ನು ಹಾಳೆಯ ಮೇಲೆ ಛಾಪಿಸಿ ಹಂಚುವಷ್ಟು ದೊಡ್ಡವರಾದ ತಮಗೆ, ಅದೇ ಸೂರ್ಯನ ಕೆಳಗೆ ಯಾರ ಪರವಾನಗಿಯೂ ಇಲ್ಲದೆ ಜೋಳ ಬೆಳೆದುಕೊಂಡು ಮುದುಕಿಯಾದ ಉದ್ದವ್ವ ಮಾಡುವ ಶರಣು ಶರಣಾರ್ಥಿಗಳು. ಇತ್ತ ನಾವು ಕ್ಷೇಮ, ನಮ್ಮ ಎತ್ತುಗಳೂ ಕ್ಷೇಮ. ಅತ್ತ ತಾವೂ, ತಮ್ಮಲ್ಲಿಗೆ ಬಂದಿಳಿಯುವ ಪಾವಣೇರೂ, ವಿಶೇಷವಾಗಿ ಪಾವಣೇರ ಹೊಟ್ಟೆಗಳೂ ಕ್ಷೇಮವೆಂದು ನಂಬಿದ್ದೇನೆ. ಹೊಟ್ಟೆಯ ಮಾತು ಯಾಕೆ ಬಂತೆಂಬುದು ಮುಂದೆ ತಿಳಿಯುತ್ತದೆ.

ನಾನು ಗಾಂವಠಿ ಸಾಲಿಯಲ್ಲಿ ಎರಡನೆಯ ಇಯತ್ತೆಯವರೆಗೆ ಕಲಿತವಳು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಲಗ್ನವಾಯಿತು. ದೊಡ್ಡವರಿಗೆ ಬರೆಯುವ ರೂಢಿ ಇಲ್ಲ. ಆದ್ದರಿಂದ ಈ ಪತ್ರವನ್ನು ತಮಗೆ ಮುಟ್ಟಿಸುವ ಮೊದಲು ನಮ್ಮೂರ ಚಾವಡಿಯಲ್ಲಿ ಓದಿಸಿ ಸರಿಯಿದೆಯೋ ಇಲ್ಲವೋ ಕೇಳಿದ್ದೇನೆ, ಬರುವ ಸಂತೆಗೆ ಗೋಕಾಕದಲ್ಲಿಯೂ ಓದಿಸುವವಳಿದ್ದೇನೆ. ತಾವು ನಮ್ಮ ಹಾದಿಯನ್ನು ಎಲ್ಲರ ಮುಂದೆ ಮುಚ್ಚಿದಿರಿ. ನಾನೊಬ್ಬಳೇ ಮೂಲೆಯಲ್ಲಿ ಕುಳಿತು ಗೊಣಗಿದರೆ ತಮ್ಮ ಯೋಗ್ಯತೆಗೆ ಕಡಿಮೆ ಮಾಡಿದಂತಾಗುತ್ತದೆ.

ಮೊದಲು ತಮ್ಮ ಉಪಕಾರವನ್ನು ನೆನೆಯಬೇಕು. ತಾವು ಬರುವ ಮೊದಲು ನಮ್ಮಲ್ಲಿ ಗುಡ್ಡವಿತ್ತು, ಕೆರೆಯಿತ್ತು, ನೋಟ ಮಾತ್ರ ಇರಲಿಲ್ಲ. ಈಗ ಪುಣೆ, ಮುಂಬಯಿ, ಕೊಲ್ಲಾಪುರದ ದೊಡ್ಡ ಮನೆತನದವರು ರೈಲಿನಿಂದ ಇಳಿದು ತಮ್ಮ ಮೋಟಾರು ಹತ್ತಿ ಬರುತ್ತಾರೆ, ಒಂದು ದಿವಸ ಗೋಕಾಕ ಫಾಲ್ಸಿಗೆ ಹೋಗಿ ನೀರು ಮೇಲಿನಿಂದ ಕೆಳಗೇ ಬೀಳುತ್ತದೆಂದು ಖಾತ್ರಿ ಮಾಡಿಕೊಳ್ಳುತ್ತಾರೆ, ಮರುದಿವಸ ನಮ್ಮ ಗುಡ್ಡ ಹತ್ತಿ ಇಳಿಯುತ್ತಾರೆ. ಮೇಲೆ ಏನಿತ್ತೆಂದು ಕೇಳಿದರೆ ಕೆಳಗಿನದೆಲ್ಲ ಕಂಡಿತು ಅನ್ನುತ್ತಾರೆ. ಅವರು ದಣಿಯಬಾರದೆಂದು ತಾವು ಗುಡ್ಡದ ಹಾದಿಗುಂಟ, ಕೆರೆಯ ದಂಡೆಗುಂಟ, ಎಲ್ಲೆಲ್ಲಿ ಕುಳಿತರೆ ಚಂದವೋ ಅಲ್ಲಲ್ಲಿ ಕಲ್ಲುಗಳಿಗೆ ಸುಣ್ಣ ಬಳಿಸಿದ್ದೀರಿ. ಬಿಳಿ ಕಲ್ಲು ಕಂಡಲ್ಲಿ ಕೂಡ್ರಬೇಕು, ಕುಳಿತಲ್ಲಿ ಖುಷಿಪಡಬೇಕು. ಇಷ್ಟು ಸುಲಭವಾದ ಏರ್ಪಾಡು ಮಠಗಳಲ್ಲಿಯೂ ಇಲ್ಲ.

ಸಹಲಿಗೆಂದು ತಿರುಗಾಡಲು ಹೊರಟವರಿಗೆ ದಾರಿ ತೋರಿಸಲು ನಮ್ಮೂರ ಬೀರಸಿದ್ದಪ್ಪನನ್ನೇ ಇಟ್ಟುಕೊಂಡಿರಿ, ಅದೂ ಉಪಕಾರವೇ. ಅವನು ಮೊದಲು ಕುರಿ ಕಾಯುತ್ತಿದ್ದ. ಈಗ ತಲೆಗೆ ಕೆಂಪು ಪಟಗಾ ಬಂದಿದೆ, ಕೈಯಲ್ಲಿಯ ಬಡಿಗೆ ಮೊದಲಿನದೇ. ಕುರಿಗಿಂತ ಇವರು ಹಗುರೇನೋ ಎಂದು ಕೇಳಿದರೆ, "ಇಲ್ಲಬೇ ಆಯಿ, ಕುರಿ ಒಂದು ಹೋದ ಕಡೆ ಎಲ್ಲಾ ಹೋಗತಾವ. ಇವರು ಒಬ್ಬೊಬ್ಬರು ಒಂದೊಂದು ಕಡೆ ಹೋಗಿ ನಿಂತು ವಾಹ್ ವಾಹ್ ಅಂತಾರ. ಕೂಡಿಸ್ಕೊಂಡು ಬರೂದ್ರಾಗ ಹೊತ್ತು ಮುಣಗತೈತಿ" ಅನ್ನುತ್ತಾನೆ.

ಇನ್ನು ಅಡ್ಡಬೊಂಬಿನ ವಿಷಯ. ಕೆರೆಯ ದಂಡೆಯ ಮೇಲಿನ ಹಾದಿ ನಮ್ಮ ಹೊಲಕ್ಕೆ ಹೋಗುವ ಚಕ್ಕಡಿ ಹಾದಿ. ನಮ್ಮ ಹೊಲ ಕೆರೆಯ ಆ ತುದಿಗೆ, ಗುಡ್ಡದ ಬುಡಕ್ಕಿದೆ. ಬೇರೆ ಕಡೆಯಿಂದ ಹೋಗಬೇಕೆಂದರೆ ಗುಡ್ಡ ಸುತ್ತಿ ಹಳ್ಳ ದಾಟಬೇಕು. ಆ ಹಳ್ಳದಲ್ಲಿ ಮನುಷ್ಯರು ಇಳಿದು ಏರಬಹುದು, ಚಕ್ಕಡಿ ಇಳಿಯುತ್ತದೆ, ಏರುವುದಿಲ್ಲ. ತಾವು ದಂಡೆಯ ಹಾದಿಗೆ ಸುಣ್ಣ ಬಳಿದ ಬೊಂಬನ್ನು ಅಡ್ಡ ಹಾಕಿ "ಪಾವಣೇರ ವಾಹನಗಳಿಗೆ ಮಾತ್ರ" ಎಂದು ಹಲಗೆ ತೂಗಿಬಿಟ್ಟಿರಿ. ಎಮ್ಮೆ, ಚಕ್ಕಡಿ, ಹೆಂಡಿ ಬುಟ್ಟಿ ಹೊತ್ತ ಹೆಂಗಸರು ನಡುವೆ ಬಂದರೆ ಕೆರೆಯ ಚಂದ ಕೆಡುತ್ತದಂತೆ. ಹಾದಿ ಯಾರದ್ರಿ ಎಂದು ನನ್ನ ಮಗ ಕಲ್ಲಪ್ಪ ಬಂದು ಕೇಳಿದ್ದಕ್ಕೆ, ಹಾದಿ ಯಾರದಾದರೂ ಇರಲಿ, ನೋಟ ಬಂಗಲೆಯದು ಎಂದು ತಾವು ಅಪ್ಪಣೆ ಕೊಟ್ಟಿರಿ. ನನ್ನ ಮಗ ಮೆತ್ತಗಿನವ, ಆ ಮಾತಿಗೆ ಏನು ಹೇಳಬೇಕೆಂದು ತಿಳಿಯದೆ ತಿರುಗಿ ಬಂದ. ನನಗೂ ತಿಳಿದಿರಲಿಲ್ಲ. ಈಗ ಒಂದಿಷ್ಟು ತಿಳಿದಿದೆ.

ಬೊಂಬಿನ ಕೆಳಗೆ ಬಗ್ಗಿ, ಬೇಗ ಬೇಗ, ಪಾವಣೇರ ಕಣ್ಣಿಗೆ ಬೀಳದಂತೆ ನಡೆದುಹೋಗಲು ತಾವು ಅಡ್ಡಿಮಾಡಲಿಲ್ಲ. ಈ ವಯಸ್ಸಿನಲ್ಲಿ ನನ್ನ ಬೆನ್ನು ಇನ್ನೂ ಬಗ್ಗುತ್ತದೆಂಬುದು ತಮ್ಮಿಂದಲೇ ಗೊತ್ತಾಯಿತು.

ಎಳ್ಳ ಅಮಾಸಿಯ ದಿವಸ ಆದದ್ದು ಹೀಗೆ. ತಾವು ಪುಣೆಯ ಕಡೆಯವರು, ಗೊತ್ತಿರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ಆ ದಿವಸ ಭೂಮ್ತಾಯಿಗೆ ಉಣಿಸುವ ದಿವಸ. ಜೋಳ ಹೊಡೆ ಹಿರಿದು ನಿಂತಿರುತ್ತದೆ, ಬಸುರಿ ಹೆಣ್ಣುಮಗಳಿಗೆ ಮಾಡಿದಂತೆ ಹೊಲಕ್ಕೆ ಬುತ್ತಿ ಒಯ್ಯಬೇಕು. ಬನ್ನಿ ಗಿಡದ ಕೆಳಗೆ ಐದು ಕಲ್ಲು ಆರಿಸಿಟ್ಟು, ಸುಣ್ಣ ಹಚ್ಚಿ, ಇವರೇ ಪಾಂಡವರೆಂದು ಕುಂಕುಮವಿಟ್ಟು, ಹಸಿರು ಖಣ ಏರಿಸಿ, ಮುಂದೆ ಎಡೆ ಹರವಬೇಕು. ಆಮೇಲೆ ಒಬ್ಬರು ಮುಂದೆ ಬುತ್ತಿಯನ್ನು ಹೊಲದ ತುಂಬ ಚೆಲ್ಲುತ್ತ, ಒಬ್ಬರು ಹಿಂದೆ ನೀರು ಹಾಕುತ್ತ ಸುತ್ತಬೇಕು. ಇದಕ್ಕೆ ಚರಗ ಚೆಲ್ಲುವುದು ಅನ್ನುತ್ತೇವೆ. ಭೂಮಿ ಉಂಡ ಮೇಲೆಯೇ ನಾವು ಉಣ್ಣುವುದು. ಹಸಿವೆಯೆಂದು ಅತ್ತ ಕೂಸಿಗೂ ಅದಕ್ಕಿಂತ ಮೊದಲು ಒಂದು ತುತ್ತು ಕೊಡುವುದಿಲ್ಲ.

ಎಲ್ಲ ವರ್ಷ ಚಕ್ಕಡಿ ಕಟ್ಟಿಕೊಂಡು, ಎತ್ತಿನ ಕೊರಳಿಗೆ ಗೆಜ್ಜೆ ಹಾಕಿ ಹೋಗುತ್ತಿದ್ದೆವು. ಈ ವರ್ಷ ಚಕ್ಕಡಿ ತಮ್ಮ ಬೊಂಬಿನ ಈಚೆ ನಿಂತಿತು. ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು, ಬಗ್ಗಿ ದಾಟಿ, ಅರ್ಧ ಸಾಮಾನು ಮೊದಲು ಒಯ್ದೆವು. ನಾನು ಕಲ್ಲುಗಳಿಗೆ ಸುಣ್ಣ ಹಚ್ಚಿ ಎಡೆ ಹರವಿದೆ: ಸಜ್ಜಿ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳ ಹಿಂಡಿ, ಶೇಂಗಾ ಹೋಳಿಗಿ, ಮೊಸರಬಾನ. ಉಣ್ಣುವ ತಾಟು, ನೀರಿನ ಕೊಡ ತರಲು ಮನೆಮಂದಿಯೆಲ್ಲ ಚಕ್ಕಡಿಯತ್ತ ತಿರುಗಿ ಹೋದೆವು. ಒಂದೇ ಸಲಕ್ಕೆ ಚಕ್ಕಡಿ ಹೊಲ ಮುಟ್ಟಿದ್ದರೆ ತಿರುಗಿ ಹೋಗುವ ಪ್ರಸಂಗವೇ ಇರುತ್ತಿರಲಿಲ್ಲ ಎಂಬುದನ್ನು ತಾವು ಬೇಕಾದರೆ ಗಮನಿಸಬಹುದು, ಬೇಡವಾದರೆ ಬಿಡಬಹುದು.

ಆ ದಿವಸ ತಮ್ಮ ಛಾಪಿಸಿದ ಹಾಳೆಯಲ್ಲಿಯೂ "ಕೆರೆಯ ಆಚೆ ದಂಡೆಯಲ್ಲಿ ವನಭೋಜನ" ಎಂದಿತ್ತಂತೆ. ಪಾವಣೇರು ಐದು ಮಂದಿ ದಂಡೆಗುಂಟ ನಡೆದು ಬಂದರು, ಅವರ ಊಟ ದೋಣಿಯಲ್ಲಿ ಬರುವುದಿತ್ತು. ದೋಣಿ ನಡುಗೆರೆಯ ಜೊಂಡಿನಲ್ಲಿ ಸಿಕ್ಕಿತು. ಬೀರಸಿದ್ದಪ್ಪ ಧೋತರ ಕಟ್ಟಿ ನೀರಿಗಿಳಿದು ಅದನ್ನು ಜಗ್ಗುತ್ತಿದ್ದಾಗ ಪಾವಣೇರು ಮುಂದೆ ನಡೆದು ಬನ್ನಿ ಗಿಡದ ಕೆಳಗೆ ಬಂದು ನೋಡುತ್ತಾರೆ, ನೆರಳಿದೆ, ಊಟ ಹರವಿದೆ, ಕೂಡ್ರಲು ಸುಣ್ಣ ಬಳಿದ ಕಲ್ಲು ಇವೆ. ಅವರು ಐದು ಮಂದಿ, ಕಲ್ಲೂ ಐದು. ಬಿಳಿ ಕಲ್ಲು ಕಂಡಲ್ಲಿ ಕೂಡ್ರಬೇಕೆಂದು ಕಲಿಸಿದವರು ತಾವು. ಅವರದೇನು ತಪ್ಪು?

ನನ್ನ ಸೊಸೆ ಇಂದ್ರವ್ವ ನೀರಿನ ಕೊಡ ಹೊತ್ತು ಎಲ್ಲರಿಗಿಂತ ಮುಂದೆ ಹೋದವಳು ಹಾಗೆಯೇ ತಿರುಗಿ ಬಂದು, "ಅತ್ತಿ, ಧರ್ಮರಾಯನ ಮ್ಯಾಲೆ ಯಾರೋ ಕುಂತಾರ" ಅಂದಳು. ಹಬ್ಬದ ದಿವಸ ಏನೇನರೆ ಮಾತಾಡಬ್ಯಾಡ ಎಂದು ಗದರಿಸಿದೆ. "ಭೀಮನ ಮ್ಯಾಲೂ ಕುಂತಾರ್ರಿ, ಭೀಮನ ಮ್ಯಾಲಿನವರು ಎರಡನೇ ಸಲ ಕಡುಬು ಹಚ್ಚಿಕೊಳ್ಳಾಕತ್ತಾರ" ಅಂದಳು. ಹೋಗಿ ನೋಡಿದರೆ ಖರೆ. ದಪ್ಪನ್ನ ಪಾವಣೇರೊಬ್ಬರು ಸರಿಯಾಗಿ ಭೀಮನನ್ನೇ ಆರಿಸಿಕೊಂಡಿದ್ದರು. ಸಹದೇವನ ಮೇಲಿನ ಬಾಯಿಸಾಹೇಬರು ಭೂಮ್ತಾಯಿಯ ಹಸಿರು ಖಣದಿಂದ ಕೈ ಒರಸಿಕೊಳ್ಳುತ್ತಿದ್ದರು.

ಉಣ್ಣುವವರನ್ನು ಎಬ್ಬಿಸುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಆದ್ದರಿಂದ ನಿಂತುಕೊಂಡೆವು. ಬಾಯಿಸಾಹೇಬರು ನನ್ನನ್ನು ಕರೆದು ಮರಾಠಿಯಲ್ಲಿ, ವ್ಯವಸ್ಥೆ ಬಹಳ ಚೊಲೋ ಆಗಿದೆ, ಖಾರ ಮಾತ್ರ ತುಸು ಕಡಿಮೆ ಇರಲಿ, ಕೂಡ್ರುವ ಕಲ್ಲು ತಗ್ಗಾಗಿವೆ, ಮ್ಯಾನೇಜರರಿಗೆ ಹೇಳು ಅಂದರು. ಹೇಳಿದ್ದೇನೆ.

ಅವರು ಎದ್ದು ಹೋದ ಮೇಲೆ ಉಳಿದದ್ದು ಎಂಜಲು, ಚೆಲ್ಲುವಂತಿರಲಿಲ್ಲ. ಕಲ್ಲಪ್ಪ ಕೊಡ ಹಿಡಿದುಕೊಂಡು, ಮುಂದೆ ಚರಗ ಚೆಲ್ಲುವವರಿಲ್ಲದ ಹೊಲವನ್ನು ಬರೀ ನೀರು ಹಾಕುತ್ತ ಸುತ್ತಿದ. ಬಸುರಿ ಭೂಮ್ತಾಯಿಯನ್ನು ಆ ದಿವಸ ನೀರು ಕುಡಿಸಿ ಮಲಗಿಸಿದೆವು. ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಇದರ ಬಗ್ಗೆ ಹೆಚ್ಚಿಗೆ ಬರೆಯುವುದಿಲ್ಲ.

ಮುಂದಿನ ವಾರ ಬೀರಸಿದ್ದಪ್ಪ ನಮ್ಮ ಕಟ್ಟೆಯ ತುದಿಗೆ ಕುಳಿತು ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನು ಪಟಗಾ ತೆಗೆದನೆಂದರೆ ಮಾತು ತನ್ನದಲ್ಲ ಎಂದು ಅರ್ಥ. "ಆಯಿ, ಸಾಹೇಬರು ಭಾಳ ಖುಷಿ ಆಗ್ಯಾರ. ಐತವಾರಕ್ಕೊಮ್ಮೆ ಹಂಗ ಊಟ ಹರವಬೇಕಂತ. ಹಾಳ್ಯಾಗ ಛಾಪಿಸ್ಯಾರ, ಅಜ್ಜಿಯ ಹೊಲದ ಊಟ ಅಂತ." ಅಜ್ಜಿ ಎಲ್ಲಿರಬೇಕಂತೋ ಎಂದು ಕೇಳಿದೆ. ಅವನು ನೆಲ ನೋಡಿದ. "ನೀವು ಯಾರೂ ಕಾಣಬಾರದಂತ. ಹೋದ ಸಲ ಅದ ಭಾಳ ಹಿಡಿಸೇತಂತ."

ಮಾನ್ಯರೇ, ನನ್ನ ಕೈ ಅಡಿಗೆಯನ್ನು ಹೊಗಳಿದವರು ಇದ್ದಾರೆ. ನಾನು ಇಲ್ಲದಿರುವುದನ್ನು ಹೊಗಳಿದವರು ತಾವೇ ಮೊದಲು. ನನ್ನ ಅತ್ತೆಗೂ ಇದು ಹೊಳೆದಿರಲಿಲ್ಲ.

ತಮ್ಮ ಇಚ್ಛೆ ನಡೆಸಿಕೊಡಲು ತಕರಾರಿಲ್ಲ. ಅದಕ್ಕೆ ಪ್ರತಿಯಾಗಿ ತಮ್ಮಂಥವರಿಗೆ ಕಷ್ಟವಾಗದ ಒಂದೆರಡು ಸಣ್ಣ ಕೆಲಸ ಮಾಡಿಕೊಡಬೇಕು. ನಮ್ಮ ಎಮ್ಮೆ ಕೆರೆಯಿಂದ ಮೇಲೇಳುವಾಗ ಯಾವ ಮಗ್ಗಲು ತೋರಿಸಿದರೆ ನೋಟಕ್ಕೆ ಒಪ್ಪುತ್ತದೆಂದು ತಾವೇ ಖುದ್ದು ನಿಂತು ಅದಕ್ಕೆ ಕಲಿಸಬೇಕು. ನನ್ನ ಮಾತು ಕೇಳುವುದಿಲ್ಲ, ಇಂಗ್ಲೀಷು ಕೇಳೀತು. ಜೋಳದ ಮೇಲೆ ಇಳಿಯುವ ಗುಬ್ಬಿಗಳಿಗೂ "ಪಾವಣೇರಿಗೆ ಮಾತ್ರ" ಎಂಬ ಹಲಗೆಯನ್ನು ಓದಿಸಬೇಕು. ಭೂಮ್ತಾಯಿಯನ್ನು ಕರೆಸಿ, ನಿನ್ನ ಊಟವಾಗಿದೆ, ಮುಂದಿನ ವರ್ಷದವರೆಗೆ ತಡಿ ಎಂದು ತಮ್ಮ ಸಹಿಯ ಕೆಳಗೆ ಒಂದು ಮಾತು ತಿಳಿಸಬೇಕು. ಅವಳು ಒಪ್ಪಿದರೆ ನಾನೂ ಒಪ್ಪಿದೆ.

ಪಾವಣೇರಿಗೆ ಸಾಹಸ ಬೇಕೆಂದೂ, ಇದ್ದ ಗುಡ್ಡವನ್ನೇ ಎಷ್ಟು ಸಲ ಹತ್ತಿಸಲಿ ಎಂದು ತಾವು ಚಿಂತೆಯಲ್ಲಿದ್ದೀರೆಂದೂ ಕೇಳಿದೆ. ನಮ್ಮಲ್ಲಿ ಸಾಹಸಕ್ಕೆ ಕೊರತೆ ಇಲ್ಲ. ನಸುಕಿನಲ್ಲಿ ಸೂರ್ಯೋದಯ ನೋಡಲು ಬಂದರೆ ಕೈಗೊಂದು ಕುಡಗೋಲು ಕೊಡುತ್ತೇನೆ, ಜೋಳ ಕೊಯ್ಯುತ್ತ ಬಗ್ಗಿ ನೋಡಿದರೆ ಸೂರ್ಯ ಕಾಲುಗಳ ನಡುವೆ ತಲೆಕೆಳಗಾಗಿ ಹುಟ್ಟುತ್ತಾನೆ, ಆ ನೋಟ ತಮ್ಮ ಹಾಳೆಯಲ್ಲಿ ಇನ್ನೂ ಬಂದಿಲ್ಲ. ಹಕ್ಕಿ ಓಡಿಸುವ ಅಟ್ಟದ ಮೇಲೆ ಹತ್ತಿ ಕವಣೆ ಬೀಸಬಹುದು. ಅಟ್ಟದ ಒಂದು ಕಾಲು ಅಲುಗಾಡುತ್ತದೆ, ಅದಕ್ಕೆ ಬೇರೆ ರೊಕ್ಕವೇನೂ ತಗೊಳ್ಳುವುದಿಲ್ಲ. ಸಂಜೆಗೆ ಕೊಯ್ದು ಕಟ್ಟಿದ ಜೋಳದ ಸೂಡು ತುಂಬಿದ ಚಕ್ಕಡಿಯ ತುತ್ತತುದಿಗೆ ಕುಳಿತು ಕೆರೆಯ ದಂಡೆಗುಂಟ ಬಂದರೆ, ನೀರು, ಗುಡ್ಡ, ಮುಳುಗುವ ಸೂರ್ಯ ಮೂರೂ ಒಮ್ಮೆಗೇ ಕಾಣುತ್ತವೆ. ನಾನು ಲಗ್ನವಾಗಿ ಈ ಊರಿಗೆ ಬಂದ ವರ್ಷ ಅಲ್ಲಿ ಕುಳಿತು ನೋಡಿದ್ದೇನೆ. ತಾವು ಸುಣ್ಣ ಬಳಿಸಿದ ಯಾವ ಕಲ್ಲಿನಿಂದಲೂ ಅದು ಕಾಣುವುದಿಲ್ಲ.

ಈ ಕೊನೆಯ ಸಹಲಿನ ಬಗ್ಗೆಯೇ ನನ್ನ ಅರ್ಜಿ. ಸುಗ್ಗಿ ಬಂದಿದೆ. ಜೋಳ ಬಲಿತು ಬಾಗಿದೆ, ಕೊಯ್ದದ್ದನ್ನು ಕಣಕ್ಕೆ ತರಲು ದಂಡೆಯ ಹಾದಿ ಬಿಟ್ಟರೆ ಬೇರೆ ಹಾದಿ ಇಲ್ಲ. ತಲೆಹೊರೆಯಿಂದ ತರುವುದಾದರೆ ನಾವು ಅರ್ಧ ತರುವುದರೊಳಗೆ ಹಕ್ಕಿಗಳು ಉಳಿದರ್ಧದ ಲೆಕ್ಕ ಮುಗಿಸುತ್ತವೆ, ವರ್ಷದ ರೊಟ್ಟಿ ಅಲ್ಲಿಯೇ ಹೋಗುತ್ತದೆ. ತಾವು ಬೊಂಬು ತೆಗೆಯಬೇಕೆಂದು ಕೇಳುವಷ್ಟು ದೊಡ್ಡವಳು ನಾನಲ್ಲ. ತಮ್ಮ ಹಲಗೆಯನ್ನು ನಾನು ಚೆನ್ನಾಗಿ ಓದಿದ್ದೇನೆ, ಎರಡನೆಯ ಇಯತ್ತೆ ಅಷ್ಟಕ್ಕೆ ಸಾಕಾಯಿತು. ಪಾವಣೇರು ಕುಳಿತದ್ದು ಪಾವಣೇರ ವಾಹನ. ಅದಕ್ಕೆ ಮೋಟಾರೇ ಆಗಬೇಕೆಂದು ತಾವು ಬರೆಸಿಲ್ಲ. ಆದ್ದರಿಂದ ಸುಗ್ಗಿ ಮುಗಿಯುವವರೆಗೆ ನಮ್ಮ ಚಕ್ಕಡಿಯ ಮೇಲೆ ಕೂಡ್ರಲು ತಮ್ಮ ಪಾವಣೇರನ್ನು ಕಡ ಕೊಡಬೇಕು. ಎತ್ತರದ್ದು ಬೇಕೆಂದ ಬಾಯಿಸಾಹೇಬರಿಗೆ ಮೊದಲ ಮಾನ. ಸೂಡಿನ ಮೇಲಿನ ಜಾಗ ತಗ್ಗಾಯಿತೆಂದು ಯಾರೂ ಅನ್ನಲಾರರು. ಹೇಗೆ ಇಸಕೊಂಡೆವೋ ಹಾಗೆಯೇ ಮುಟ್ಟಿಸುತ್ತೇವೆ, ಮೈಗೆ ತುಸು ತುರಿಕೆ ಬಂದಿದ್ದರೆ ಅದು ಜೋಳದ್ದು, ಸ್ನಾನ ಮಾಡಿದರೆ ಹೋಗುತ್ತದೆ.

ತಾವು ದೊಡ್ಡ ಮನಸ್ಸಿನವರು, ನಮ್ಮ ಹಾದಿಯಷ್ಟು ಅಗಲವಾದದ್ದನ್ನು ಒಂದೇ ಬೊಂಬಿನಲ್ಲಿ ಮುಚ್ಚಿದವರು, ಇಷ್ಟು ನಡೆಸಿಕೊಡುತ್ತೀರೆಂದು ನಂಬಿ, ಬೆನ್ನು ನೆಟ್ಟಗೆ ಮಾಡಿಕೊಂಡು ಈ ಪತ್ರ ಮುಗಿಸುತ್ತೇನೆ.

ತಮ್ಮ ಅಡ್ಡಬೊಂಬಿನ ಈಚೆಗಿನ ವಿಶ್ವಾಸಿ,
ಉದ್ದವ್ವ ಕೋಂ ಶೆಟ್ಟೆಪ್ಪ,
ಕೆರೆಯ ಕೆಳಗಿನ ಊರು, ತಾಲೂಕು ಹುಕ್ಕೇರಿ

ತಾಜಾಕಲಂ: ಪಾವಣೇರನ್ನು ಹುಡುಕುವ ತ್ರಾಸು ತಮಗೆ ಬೀಳಲಿಕ್ಕಿಲ್ಲ. ಭೀಮನ ಮೇಲೆ ಕುಳಿತ ದಪ್ಪನ್ನ ಪಾವಣೇರು ಅಮಾಸಿಯ ಮರುದಿವಸವೇ ಒಬ್ಬರೇ ನಮ್ಮ ಮನೆಗೆ ಬಂದು, ಆ ಕಡುಬಿಗೆ ಏನನ್ನುತ್ತಾರೆಂದು ಕೇಳಿದ್ದರು. ಇಂದ್ರವ್ವ ಅದರ ಹೆಸರನ್ನೂ ಹೇಳಿದಳು, ಅದು ಯಾರ ಪಾಲಿನದಿತ್ತೆಂಬುದನ್ನೂ ಹೇಳಿದಳು. ಅವರು ಅಲ್ಲಿಯೇ ಬೂಟು ಬಿಚ್ಚಿದರು. ನಾನು ಮತ್ತೆ ಒಲೆ ಹೊತ್ತಿಸಿದೆ. ಅವರೇ ಬುಟ್ಟಿ ಹೊತ್ತು ಮುಂದೆ ನಡೆದು ಹೊಲದ ತುಂಬ ಚರಗ ಚೆಲ್ಲಿದರು, ನನ್ನ ಮಗ ಹಿಂದೆ ನೀರು ಹಾಕಿದ. ಉಣ್ಣವ್ವ ತಾಯಿ ಎಂದು ಅವರು ಕೂಗಿದ್ದು ಮರಾಠಿಯಲ್ಲಿ. ಹುಕ್ಕೇರಿ ತಾಲೂಕಿನ ಭೂಮಿ, ಎರಡೂ ಭಾಷೆ ಕೇಳಿದ್ದು, ತಿಳಿದುಕೊಂಡಿತು. ಸುಗ್ಗಿಗೆ ಬರುತ್ತೇನೆಂದು ಹೋದವರು ನಿನ್ನೆ ತಮ್ಮ ಬಂಗಲೆಗೆ ಬಂದು ಇಳಿದಿದ್ದಾರೆ. ಸೋಮವಾರದಿಂದ ನಮ್ಮ ಚಕ್ಕಡಿ ಎಷ್ಟು ಸಲ ಬಂದರೂ ಮೇಲೆ ಅವರೇ ಇರುತ್ತಾರೆ. ಅವರು ತಮ್ಮ ಬಂಗಲೆಯ ಮಾಲಕರ ಅಳಿಯಂದಿರೆಂಬುದು ನನಗೆ ಬೀರಸಿದ್ದಪ್ಪ ಹೇಳಿದ ಮೇಲೆ ಗೊತ್ತಾಯಿತು, ತಮಗೆ ಮೊದಲೇ ಗೊತ್ತಿದೆ. ಬೊಂಬನ್ನು ಎತ್ತಲು ತಾವೇ ನಿಲ್ಲಬೇಕಾಗುತ್ತದೆ; ಬೀರಸಿದ್ದಪ್ಪ ಆ ದಿವಸ ನಮ್ಮ ಹೊಲದಲ್ಲಿ ಜೋಳ ಕೊಯ್ಯಲು ಬರುತ್ತಾನೆ. ಎತ್ತುವಾಗ ಬೆನ್ನು ತುಸು ಬಗ್ಗಿಸಿರಿ, ಹಗುರಾಗುತ್ತದೆ.