ದೊರೆ ಕೊಟ್ಟ ಫೆಸೀಷಿಯಸ್

ಮದರಾಸಿನಲ್ಲಿ ನಾಲ್ಕು ಭಾಷೆಗಳ ನಡುವೆ ಸಂಸಾರ ಮಾಡಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಕೂತಲ್ಲಿ ಕೂರಲಾರದ ನನ್ನಂಥವನಿಗೆ ಇನ್ನೂ ಹೆಚ್ಚು. ನಿವೃತ್ತನಾದ ಮೇಲೆ ಹೇಳಲು ಪುರುಸೊತ್ತೂ ಸಿಕ್ಕಿದೆ, ಕೇಳುವವರು ಮಾತ್ರ ಮೆಲ್ಲಗೆ ಎದ್ದು ಹೋಗುತ್ತಾರೆ. ಓದುವವರು ಎದ್ದು ಹೋದರೆ ನನಗೆ ಕಾಣುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

೧. ಫ್ಯಾನಿನ ಕೆಳಗೆ

ಐವತ್ತರ ದಶಕದ ಕೊನೆ. ಬಿ.ಎ. ಮುಗಿಸಿ ಹಾರ್ಬರ್ ಹತ್ತಿರದ ಒಂದು ಇಂಗ್ಲಿಷ್ ಕಂಪನಿಯಲ್ಲಿ ಗುಮಾಸ್ತನಾಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪುರಸೈವಾಕ್ಕಂನಲ್ಲಿ ಹೋಟೆಲು ನಡೆಸುತ್ತಿದ್ದ ಸೋದರಮಾವನ ಮನೆಯಲ್ಲಿ ವಾಸ. ತಿರುವಲ್ಲಿಕ್ಕೇಣಿಯ ಕನ್ನಡ ವಕೀಲರೊಬ್ಬರ ಮಗಳನ್ನು ಮಾವ ನನಗೆ ನೋಡಿಟ್ಟಿದ್ದರು. ವಕೀಲರದು ಒಂದೇ ಷರತ್ತು: ಹುಡುಗನ ಕೆಲಸ ಕಾಯಂ ಆಗಬೇಕು. ಹುಡುಗಿಯನ್ನು ಬಸ್ ಸ್ಟಾಪಿನಲ್ಲಿ ದೂರದಿಂದ ನೋಡಿದ್ದೆ. ಅಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಹೋಟೆಲಿನವರ ಮನೆಯಲ್ಲಿ ಊಟ ಸೇರದವನ ಪಾಡು ಏನೆಂದು ಬೇರೆ ಹೇಳಬೇಕಾಗಿಲ್ಲ.

ಮೇ ತಿಂಗಳ ಸೆಕೆ. ನಮ್ಮ ಇಂಗ್ಲಿಷ್ ಮ್ಯಾನೇಜರನ್ನು ಎಲ್ಲರೂ ದೊರೆ ಎನ್ನುತ್ತಿದ್ದೆವು. ಆ ದೊರೆ ನನ್ನ ಮೇಜಿನ ಹತ್ತಿರ ನಿಂತು ತಲೆಯೆತ್ತಿ ನೋಡಿದರು.

"ಈ ಫ್ಯಾನು ಯಾವಾಗಿನಿಂದ ಕೆಲಸ ಮಾಡುತ್ತಿಲ್ಲ?"

"ನಾನು ಸೇರುವ ಮೊದಲಿನಿಂದ, ಸರ್. ಆದರೂ ಅದು ಕಾಯಂ."

ಬಾಯಿ ನನ್ನದೇ, ಹಿಡಿತ ನನ್ನದಲ್ಲ. ದೊರೆ "ಯೂ ಆರ್ ಫೆಸೀಷಿಯಸ್" ಎಂದು ಹೇಳಿ ಒಳಗೆ ಹೋದರು. ಪಕ್ಕದ ಮೇಜಿನವನು ಮೆಲ್ಲಗೆ ಬಗ್ಗಿ ಹೇಳಿದ: "ನಿನ್ನ ಕುರ್ಚಿ ಅಲ್ಲಾಡೋಲ್ಲ, ನನ್ನದು ಅಲ್ಲಾಡುತ್ತೆ. ಕೆಲಸ ಬಿಟ್ಟು ಹೋಗೋವಾಗ ಅದನ್ನು ಬೇರೆ ಯಾರಿಗೂ ಕೊಡಬೇಡ."

೨. ಸೀನಿಯರ್ ಡಿಕ್ಷನರಿ

ಹೆಡ್ ಕ್ಲರ್ಕು ಬೀರುವಿನ ಮೇಲಿಂದ ಡಿಕ್ಷನರಿ ಇಳಿಸಿ, ಧೂಳು ಒರೆಸಿ, ಕನ್ನಡಕ ಹಾಕಿ, ತೀರ್ಪು ಓದುವವರಂತೆ ಓದಿದರು: ಹೊತ್ತಲ್ಲದ ಹೊತ್ತಿನಲ್ಲಿ ಹಾಸ್ಯ ಮಾಡುವವನು.

ಆಂಗ್ಲೋ-ಇಂಡಿಯನ್ ಟೈಪಿಸ್ಟಮ್ಮ ತಮ್ಮ ಡ್ರಾಯರಿನಿಂದ ಪುಟ್ಟ ಹೊಸ ಡಿಕ್ಷನರಿ ತೆಗೆದರು. ಅದರಲ್ಲಿ ಬರೀ ‘ಚತುರ ಮಾತಿನವನು’ ಎಂದಿತ್ತು. "ಹೇಳುವಾಗ ಅವರ ಹುಬ್ಬು ನೋಡಿದೆಯಾ? ಒಂದು ಹುಬ್ಬು ಮೇಲೆ ಹೋದರೆ ಖುಷಿ. ಎರಡೂ ಹೋದರೆ ನೀನು ಹೋದೆ" ಎಂದರು. ನಾನು ನೋಡಿದ್ದು ದೊರೆಯ ಬೂಟು ಮಾತ್ರ.

"ಸಾರ್, ಅಮ್ಮನವರ ಡಿಕ್ಷನರಿ ಪ್ರಕಾರ ನಾನು ಬಚಾವು" ಎಂದೆ.

ಹೆಡ್ ಕ್ಲರ್ಕು ತಮ್ಮದನ್ನು ಟಪ್ಪೆಂದು ಮುಚ್ಚಿದರು. "ಅದು ನಿನ್ನೆ ಮೊನ್ನೆ ಬಂದದ್ದಪ್ಪಾ. ಇದು ನನಗಿಂತ ಮೊದಲು ಸರ್ವೀಸಿಗೆ ಸೇರಿದ್ದು. ಇದು ಹೇಳಿದ ಮೇಲೆ ಆಯ್ತು."

೩. ಹೆಡ್ ಕ್ಲರ್ಕಿನ ಮೂಲಕ

ಅವತ್ತಿನಿಂದ ಬಾಯಿ ಬಿಗಿದುಕೊಂಡೆ. ಮಾತು ನಾಲಿಗೆಯ ತುದಿಗೆ ಬಂದು ಚಡಪಡಿಸುತ್ತಿತ್ತು. ನೀರು ಕುಡಿಯುವ ನೆವದಲ್ಲಿ ಎದ್ದೆದ್ದು ಹೋಗಿ ಮಡಕೆಯ ಮುಂದೆ ಒಬ್ಬನೇ ಹೇಳಿಕೊಂಡು ಬರುತ್ತಿದ್ದೆ.

ಸ್ವಲ್ಪ ದಿನ ಕಳೆದ ಮೇಲೆ ದೊರೆ ಹೆಡ್ ಕ್ಲರ್ಕನ್ನು ಕೇಳಿದರಂತೆ, "ಆ ಹುಡುಗ ಯಾಕೆ ಸಪ್ಪಗಿದ್ದಾನೆ? ಮೊದಲೇ ಚೆನ್ನಾಗಿತ್ತು." ಸಂತೋಷಪಡುವ ಮಾತು ತಾನೆ? ಆದರೆ ಹೆಡ್ ಕ್ಲರ್ಕಿಗೆ ದೊರೆಯ ಮಾತೆಲ್ಲ ಹುಕುಂ. ನನ್ನನ್ನು ಕರೆದರು. "ಇನ್ನು ಮೇಲೆ ನೀನು ಹಾಸ್ಯ ಮಾಡಬಹುದು. ಆದರೆ ನೇರವಾಗಿ ಅಲ್ಲ, ನನ್ನ ಮೂಲಕ. ಮೊದಲು ನನಗೆ ಹೇಳು. ನಾನು ಸರಿ ಅಂದ ಮೇಲೆ ದೊರೆಗೆ ಹೇಳು."

ಮರುದಿನವೇ ಒಂದು ಹಾಸ್ಯ ಒಯ್ದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮಳೆಯ ಮಾತು ಬೇಡ, ರೂಫು ಸೋರುವುದು ದೊರೆಗೆ ನೆನಪಾಗುತ್ತದೆ ಎಂದರು. ಹೆಂಡತಿಯ ಮಾತು ಬೇಡ, ದೊರೆಸಾನಿ ಊಟಿಯಲ್ಲಿದ್ದಾರೆ ಎಂದರು. ಕೊನೆಗೆ, "ಇನ್ನು ಇದರಲ್ಲಿ ದೊರೆಗೆ ಬೇಜಾರಾಗುವಂಥದ್ದು ಏನಾದರೂ ಇದೆಯೋ?"

"ಇಲ್ಲ ಸಾರ್."

"ನಗು ಬರುವಂಥದ್ದು?"

"ಇತ್ತು ಸಾರ್. ನೀವು ತೆಗೆದಿರಿ."

೪. ಹೆಣ್ಣು ನೋಡುವ ಶಾಸ್ತ್ರ

ಇತ್ತ ಮಾವನಿಗೆ ಸುದ್ದಿ ಮುಟ್ಟಿತ್ತು. ನಮ್ಮ ಆಫೀಸಿನವರೇ ಕಾಫಿಗೆ ಬಂದು ಊದಿದ್ದರು. ಮಾವನ ಲೆಕ್ಕದಲ್ಲಿ ದೊರೆಯ ಬಾಯಿಂದ ಅಷ್ಟುದ್ದದ ಮಾತು ಬಂತೆಂದರೆ ಅದು ಬಿರುದೇ. ನನ್ನನ್ನೊಂದು ಮಾತೂ ಕೇಳದೆ ವಕೀಲರಿಗೆ ಹೇಳಿಬಿಟ್ಟರು: "ಕಾಯಂ ಎಲ್ಲ ಇವತ್ತೋ ನಾಳೆಯೋ ಆಗ್ತದೆ. ದೊರೆ ಸ್ವತಃ ಇವನಿಗೆ ಫೆಸೀಷಿಯಸ್ ಕೊಟ್ಟಿದ್ದಾರೆ."

ವಕೀಲರಿಗೆ ಇಂಗ್ಲಿಷು ಬರುತ್ತಿತ್ತು. "ಹಾಗಾದರೆ ಹುಡುಗನನ್ನು ನೋಡಲೇಬೇಕು, ಭಾನುವಾರ ಕರಕೊಂಡು ಬನ್ನಿ" ಎಂದರಂತೆ. ಕೂಡಿಸಿ ಬುದ್ಧಿ ಹೇಳಿ ಕಳಿಸುತ್ತಾರೆಂದೇ ನಾನು ಅಂದುಕೊಂಡೆ. ಇಬ್ಬರೂ ಹೋದೆವು. ಜಮಖಾನದ ಮೇಲೆ ಕೂತು ಚಡಪಡಿಸಿ ಚಡಪಡಿಸಿ ಅದರ ಒಂದು ಮೂಲೆ ಸುರುಳಿಯಾಯಿತು. ಹುಡುಗಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಒಂದು ದೇವರನಾಮ ಹಾಡಿದಳು. ಚೆನ್ನಾಗಿಯೇ ಹಾಡಿದಳು.

ಹಾಡು ಮುಗಿಯಿತು. ಹುಡುಗಿಯ ಅಜ್ಜಿ ವಕೀಲರ ಕಡೆ ತಿರುಗಿದರು. "ಅದೇನೋ ಇಂಗ್ಲಿಷಲ್ಲಿ ಅಂದೆಯಲ್ಲ, ಅದಕ್ಕೇನೋ ಅರ್ಥ?"

"ತಮಾಷೆ ಮಾಡುವವನು ಅಂತ, ಅಮ್ಮ."

"ಸರಿ ಮತ್ತೆ. ನಮ್ಮ ಹುಡುಗಿ ಹಾಡಿದ್ದಾಯ್ತು. ಈಗ ಮಾಪ್ಪಿಳ್ಳೆ ಹುಡುಗ ತಮಾಷೆ ಮಾಡಲಿ. ಅವರವರ ವಿದ್ಯೆ ಅವರವರು ತೋರಿಸಬೇಕಲ್ಲವಾ?"

ಮನೆಯವರೆಲ್ಲ ನನ್ನ ಕಡೆ ತಿರುಗಿ ಕೂತರು. ಅಡುಗೆಮನೆಯಿಂದಲೂ ಇಬ್ಬರು ಬಂದರು. ಮಾವ ಮೊಣಕೈಯಿಂದ ತಿವಿದರು: "ಮಾಡು ಮಾರಾಯ. ಆಫೀಸಲ್ಲಿ ಮಾಡುವುದಿಲ್ವಾ ನೀನು?"

ಕೊನೆಗೆ ಬಾಯಿಗೆ ಬಂದದ್ದನ್ನು ಅಂದೆ. "ಅವರಿಗಾದರೆ ಶ್ರುತಿಪೆಟ್ಟಿಗೆ ಇತ್ತು. ನನಗೆ ಏನೂ ಕೊಡಲಿಲ್ಲವಲ್ಲ, ಅಜ್ಜಿ."

ಅಜ್ಜಿ ನಗಲಿಲ್ಲ. "ಹೌದಲ್ಲಾ, ಪಾಪ" ಎಂದು ಮೊಮ್ಮಗಳಿಗೆ ಕಣ್ಸನ್ನೆ ಮಾಡಿದರು. ಹುಡುಗಿ ಎದ್ದು ಬಂದು, ಪೆಟ್ಟಿಗೆಯನ್ನು ನನ್ನೆದುರು ಇಟ್ಟು, ಅಲ್ಲೇ ಕೂತು ಒತ್ತತೊಡಗಿದಳು. ಮೊಂಯ್ ಎಂದು ನಾದ ಹೊರಟಿತು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದಳು: "ತಮಾಷೆಗೆ ಶ್ರುತಿ ಇಷ್ಟು ಸಾಕೋ, ಇನ್ನೂ ಸ್ವಲ್ಪ ಏರಿಸಲೋ?"

ಮೊದಲು ನಕ್ಕವರು ವಕೀಲರು. ಶಲ್ಯದಲ್ಲಿ ಕಣ್ಣೊರೆಸಿಕೊಂಡು ಮಾವನಿಗೆ ಹೇಳಿದರು: "ದೊರೆ ಯಾವಾಗ ಬೇಕಾದರೂ ಕಾಯಂ ಮಾಡಿಕೊಳ್ಳಲಿ. ನನ್ನ ಮಗಳು ಈಗಲೇ ಮಾಡಿಕೊಂಡ ಹಾಗೆ ಕಾಣುತ್ತೆ."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕರೂ ಕೂರಲಾಗಲಿಲ್ಲ, ಕಂಬಿ ಹಿಡಿದು ಹಲ್ಲು ಕಿರಿಯುತ್ತ ನಿಂತಿದ್ದೆ. ಮಾವ ತಲೆಯೆತ್ತಿ ಹೇಳಿದರು:

"ಸಂಬಂಧ ಒಳ್ಳೆಯದೇ ಮಾರಾಯ. ಆದರೆ ಒಂದು ಉಂಟು. ಆ ಮನೆಯಲ್ಲಿ ಫೆಸೀಷಿಯಸ್ ಅವಳು. ನೀನು ಬರೀ ಕ್ಲರ್ಕು."